ಎರಡು ಎಮ್ಮಿಗನೂರುಗಳು: ಬಳ್ಳಾರಿ ಸೀಮೆಯ ಭೂದಾಖಲೆ, ಕರಣಿಕ ಮತ್ತು ಗಣಕಯಂತ್ರ

ಬಳ್ಳಾರಿ ಸೀಮೆಯ ಕಂದಾಯದ ಚರಿತ್ರೆಯನ್ನು ಅಭ್ಯಸಿಸಲು ತೊಡಗುವವರು ಮೊದಲಿಗೇ ಒಂದು ಎಚ್ಚರವನ್ನು ಇಟ್ಟುಕೊಳ್ಳಬೇಕಾಗುತ್ತದೆ. ಹಿಂದಿನ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯೊಳಗೆ ಎಮ್ಮಿಗನೂರು ಎಂಬ ಹೆಸರಿನ ಎರಡು ಊರುಗಳಿದ್ದವು. ಒಂದು, ತುಂಗಭದ್ರೆಯ ದಕ್ಷಿಣಕ್ಕೆ ಕಂಪ್ಲಿಯ ನೆರೆಯಲ್ಲಿರುವ ಗ್ರಾಮ. ಇಂದು ಅದು ಬಳ್ಳಾರಿ ಜಿಲ್ಲೆಯ ಕಂಪ್ಲಿ ತಾಲ್ಲೂಕಿಗೆ ಸೇರಿದೆ. ಇನ್ನೊಂದು, ಆದವಾನಿ ತಾಲ್ಲೂಕಿನಲ್ಲಿದ್ದ, ಕೈಮಗ್ಗದ ನೇಕಾರಿಕೆಗೆ ಹೆಸರಾದ ಪಟ್ಟಣ. ಇಂದು ಅದು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯಲ್ಲಿದೆ. ೧೮೦೦ರಿಂದ ೧೯೫೩ರವರೆಗೆ, ಎಂದರೆ ಒಂದೂವರೆ ಶತಮಾನಕ್ಕೂ ಮೇಲ್ಪಟ್ಟು, ಈ ಎರಡೂ ಊರುಗಳ ಹೊಲಗದ್ದೆಗಳ ಲೆಕ್ಕವು ಒಂದೇ ಸರ್ಕಾರದ ಅಧೀನದಲ್ಲಿ, ಒಂದೇ ಪದ್ಧತಿಯಲ್ಲಿ ಬರೆಯಲ್ಪಟ್ಟಿತು. ೧೯೫೩ರ ಅಕ್ಟೋಬರ್ ೧ರಂದು ಒಂದು ಮೈಸೂರು ಸಂಸ್ಥಾನಕ್ಕೂ ಮತ್ತೊಂದು ಹೊಸದಾಗಿ ಹುಟ್ಟಿದ ಆಂಧ್ರ ರಾಜ್ಯಕ್ಕೂ ಸೇರಿದವು. ಅಲ್ಲಿಂದೀಚೆಗೆ ಒಂದೇ ಬೇರಿನ ಎರಡು ದಾಖಲೆಗಳು ಎರಡು ಸರ್ಕಾರಗಳ ನೀತಿಗೆ ಒಳಪಟ್ಟು ಬೇರೆ ಬೇರೆ ದಾರಿ ಹಿಡಿದು, ಕೊನೆಗೆ ಎರಡೂ ಗಣಕಯಂತ್ರವನ್ನು ಹೊಕ್ಕವು.

ಸರ್ಕಾರವು ತನ್ನ ಆಡಳಿತದಲ್ಲಿ ಗಣಕಯಂತ್ರವನ್ನೂ ದೂರಸಂಪರ್ಕ ಸಾಧನಗಳನ್ನೂ ಬಳಸಿಕೊಳ್ಳುವ ವಿಚಾರವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಯಂತ್ರದಿಂದಲೇ ಕಥೆಯನ್ನು ಆರಂಭಿಸುತ್ತಾರೆ. ಕರ್ನಾಟಕದ ಮಟ್ಟಿಗೆ ೧೯೯೭ರ ಮಾಹಿತಿ ತಂತ್ರಜ್ಞಾನ ನೀತಿಯಿಂದಲೋ ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯಿಂದಲೋ ಹೊರಟು ಇಂದಿನ ಸ್ಥಿತಿಯನ್ನು ಮುಟ್ಟುವುದು ವಾಡಿಕೆಯಾಗಿದೆ. ಈ ಕ್ರಮ ನಮಗೆ ಸಮರ್ಪಕವೆಂದು ತೋರುವುದಿಲ್ಲ. ದಾಖಲೆಯನ್ನು ಬರೆಯುವ ಅಧಿಕಾರ ಯಾರದು, ಅದನ್ನು ನೋಡುವ ಹಕ್ಕು ಯಾರದು, ಅದರಲ್ಲಿ ಏನನ್ನು ಬರೆಯಲು ಕಾನೂನು ಅವಕಾಶ ಕೊಟ್ಟಿದೆ ಎಂಬ ಮೂರು ಪ್ರಶ್ನೆಗಳು ಯಂತ್ರಕ್ಕಿಂತ ಬಹಳ ಹಳೆಯವು. ಮತ್ತು ಯಂತ್ರವು ಬಂದಾಗ ಅದರ ಫಲವು ಈ ಪ್ರಶ್ನೆಗಳಿಗೆ ಆಯಾ ಸರ್ಕಾರವು ಅದಾಗಲೇ ಕೊಟ್ಟಿದ್ದ ಉತ್ತರವನ್ನೇ ಅನುಸರಿಸಿತು. ಇದನ್ನು ಎರಡು ಎಮ್ಮಿಗನೂರುಗಳನ್ನು ಮುಂದಿಟ್ಟುಕೊಂಡು ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ನಮ್ಮ ಗಮನವು ಮುಖ್ಯವಾಗಿ ಕಂಪ್ಲಿಯ ಬಳಿಯ ಎಮ್ಮಿಗನೂರಿನ ಕಡೆಗೇ ಇರುತ್ತದೆ. ಇನ್ನೊಂದು ಹೋಲಿಕೆಗೆ ಬೇಕಾದಷ್ಟು ಮಾತ್ರ ಬರುತ್ತದೆ.

ವಿಜಯನಗರದ ಕಾಲದಲ್ಲಿ ಭೂದಾನದ ದಾಖಲೆಯು ಕಲ್ಲಿನ ಮೇಲಿರುತ್ತಿತ್ತು. ಸೀಮೆಯ ನಾಲ್ಕು ದಿಕ್ಕುಗಳನ್ನು ಹೆಸರಿಸಿ, ದೇವಾಲಯದ ಗೋಡೆಯ ಮೇಲೋ ಊರ ಮುಂದೋ ನಿಲ್ಲಿಸಿದ ಶಾಸನವನ್ನು ಓದಬಲ್ಲವರು ಓದಬಹುದಾಗಿತ್ತು, ಓದಲಾರದವರು ಓದಿಸಿ ಕೇಳಬಹುದಾಗಿತ್ತು. ಆದರೆ ದಾನವಲ್ಲದ ನಿತ್ಯದ ಹಿಡುವಳಿಯ ಲೆಕ್ಕವು ಕಲ್ಲಿನ ಮೇಲೆ ಬರುವಂಥದಲ್ಲ. ಅದು ಕರಣಿಕನ ಮನೆಯಲ್ಲಿ, ಕವಿಲೆಗಳಲ್ಲಿಯೂ ಕಡತಗಳಲ್ಲಿಯೂ ಇತ್ತು. ಕಾಲಿನ್ ಮೆಕೆಂಜಿಯ ಸಹಾಯಕರು ಊರೂರು ತಿರುಗಿ ಕೈಫಿಯತ್ತುಗಳನ್ನು ಬರೆಸಿಕೊಂಡಾಗ ಅವರಿಗೆ ಆಕರವಾದುದು ಬಹುಮಟ್ಟಿಗೆ ಈ ಕರಣಿಕರ ಕವಿಲೆಗಳೇ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ೧೯೯೪ರಲ್ಲಿ ಪ್ರಕಟಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಗ್ರಂಥವನ್ನು ಓದುವಾಗ, ಊರಿನ ನೆನಪು ಯಾರ ವಶದಲ್ಲಿತ್ತೆಂಬುದು ತಾನಾಗಿಯೇ ಮನದಟ್ಟಾಗುತ್ತದೆ.

೧೮೦೦ರಲ್ಲಿ ನಿಜಾಮನು ಬಿಟ್ಟುಕೊಟ್ಟ ಪ್ರದೇಶವು ‘ದತ್ತ ಮಂಡಲ’ವೆನಿಸಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಅದರ ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ೧೮೦೭ರವರೆಗೆ ಇಲ್ಲಿದ್ದನು. ಅವನು ಕೈಗೊಂಡ ಕಾರ್ಯದ ವಿಸ್ತಾರವನ್ನು ಎಷ್ಟು ಹೇಳಿದರೂ ಕಡಿಮೆಯೇ. ಪಾಳೆಯಗಾರರನ್ನೂ ಗುತ್ತಿಗೆದಾರರನ್ನೂ ನಡುವಿನಿಂದ ತೆಗೆದು, ಒಬ್ಬೊಬ್ಬ ರೈತನೊಂದಿಗೂ ಸರ್ಕಾರವು ನೇರವಾಗಿ ಕಂದಾಯವನ್ನು ಗೊತ್ತುಮಾಡುವುದು ರೈತವಾರಿ ಪದ್ಧತಿಯ ತಿರುಳು. ಅದಕ್ಕಾಗಿ ಪ್ರತಿಯೊಂದು ಹೊಲವನ್ನೂ ಅಳೆದು, ಅದಕ್ಕೊಂದು ಅಂಕಿಯನ್ನು ಕೊಟ್ಟು, ಮಣ್ಣಿನ ಗುಣವನ್ನು ಗುರುತಿಸಿ, ಹಿಡುವಳಿದಾರನ ಹೆಸರನ್ನು ಬರೆಯಬೇಕಾಯಿತು. ಈ ಅಳತೆಯ ಕೆಲಸ ೧೮೦೨ರಲ್ಲಿ ತೊಡಗಿ ೧೮೦೬ರ ಸುಮಾರಿಗೆ ಮುಗಿಯಿತು. ಮನ್ರೋ ಹಿಂದಿರುಗಿದ ಮೇಲೆ ೧೮೦೮ರಲ್ಲಿ ಕಂಪನಿಯು ರೈತವಾರಿಯನ್ನು ಕೈಬಿಟ್ಟು ಗ್ರಾಮಗುತ್ತಿಗೆಯನ್ನು ತಂದಿತು. ಅದೇ ವರ್ಷ ದತ್ತ ಮಂಡಲವು ಬಳ್ಳಾರಿ ಮತ್ತು ಕಡಪ ಎಂಬ ಎರಡು ಜಿಲ್ಲೆಗಳಾಯಿತು. ಗ್ರಾಮಗುತ್ತಿಗೆ ನಿಲ್ಲಲಿಲ್ಲ. ೧೮೨೦ರಲ್ಲಿ ಮನ್ರೋ ಮದರಾಸಿನ ಗವರ್ನರನಾಗಿ ಬರುವ ವೇಳೆಗೆ ರೈತವಾರಿಯ ಪಕ್ಷವು ಮತ್ತೆ ಗೆದ್ದಿತ್ತು. ೧೮೨೭ರಲ್ಲಿ ಇದೇ ಸೀಮೆಯ ಪತ್ತಿಕೊಂಡದಲ್ಲಿ ಕಾಲರಾ ಬೇನೆಯಿಂದ ಅವನು ತೀರಿಕೊಂಡನು.

ನಮ್ಮ ವಿಷಯಕ್ಕೆ ಇದರಲ್ಲಿ ಮುಖ್ಯವಾದುದು ಯಾವುದೆಂದರೆ, ಸರ್ಕಾರವು ಒಂದೊಂದು ಹೊಲದ ಮಟ್ಟಕ್ಕೆ ಇಳಿದು ತಿಳಿವಳಿಕೆಯನ್ನು ಸಂಗ್ರಹಿಸಲು ಸಂಕಲ್ಪಿಸಿದ್ದು. ಇಷ್ಟು ದೊಡ್ಡ ಮಾಹಿತಿಯ ರಾಶಿಯನ್ನು ವರ್ಷವರ್ಷವೂ ತಿದ್ದಿ ಇಡಬಲ್ಲ ನೌಕರವರ್ಗ ಕಂಪನಿಯ ಬಳಿ ಇರಲಿಲ್ಲ. ಆದುದರಿಂದ ವಂಶಪಾರಂಪರ್ಯವಾಗಿ ಬಂದ ಕರಣಿಕನನ್ನೇ, ಮದರಾಸು ಕಡತಗಳ ಭಾಷೆಯಲ್ಲಿ ಹೇಳುವುದಾದರೆ ‘ಕರಣಂ’ನನ್ನೇ, ನೆಚ್ಚಬೇಕಾಯಿತು. ಅಡಂಗಲ್ ಎಂಬ ಪುಸ್ತಕದಲ್ಲಿ ಹೊಲದ ಅಂಕಿ, ಪಟ್ಟೇದಾರನ ಹೆಸರು, ಸಾಗುವಳಿ ಮಾಡುವವನ ಹೆಸರು, ಆ ಫಸಲಿಯ ಬೆಳೆ ಇವುಗಳನ್ನು ಅವನು ಬರೆಯುತ್ತಿದ್ದನು. ಚಿಟ್ಟಾದಲ್ಲಿ ಪಟ್ಟೇದಾರನೊಬ್ಬನ ಹೊಲಗಳೆಲ್ಲವನ್ನೂ ಒಟ್ಟುಗೂಡಿಸುತ್ತಿದ್ದನು. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಮೇಲಧಿಕಾರಿಗಳು ಈ ಲೆಕ್ಕಗಳನ್ನು ತನಿಖೆ ಮಾಡುವರು. ಉಳಿದ ದಿನಗಳಲ್ಲಿ ಪುಸ್ತಕವು ಕರಣಿಕನ ಮನೆಯ ಪೆಟ್ಟಿಗೆಯಲ್ಲಿಯೇ. ಸರ್ಕಾರವು ರೈತನನ್ನು ನೇರವಾಗಿ ಕಾಣಬೇಕೆಂದು ಹೊರಟ ಪದ್ಧತಿಯು, ಕಾಣುವ ಕಣ್ಣನ್ನು ಮಾತ್ರ ಮೂರನೆಯವನಿಗೆ ಒಪ್ಪಿಸಿತೆಂದು ಹೇಳಬೇಕಾಗುತ್ತದೆ.

ಇದರ ಪರಿಣಾಮವನ್ನು ಬಳ್ಳಾರಿಗೆ ಸಂಬಂಧಿಸಿ ಪ್ರತ್ಯೇಕವಾಗಿ ವಿವೇಚಿಸಿದ ಗ್ರಂಥವು ನಮಗೆ ದೊರೆತಿಲ್ಲವಾದರೂ ಮದರಾಸು ಪ್ರಾಂತದ ಗುಂಟೂರು ಜಿಲ್ಲೆಯನ್ನು ಕುರಿತು ರಾಬರ್ಟ್ ಫ್ರೈಕೆನ್‌ಬರ್ಗ್ ೧೯೬೫ರಲ್ಲಿ ಪ್ರಕಟಿಸಿದ ಅಧ್ಯಯನವು ದಾರಿದೀಪವಾಗಿದೆ. ೧೭೮೮ರಿಂದ ೧೮೪೮ರವರೆಗಿನ ಕಡತಗಳನ್ನು ಶೋಧಿಸಿದ ಅವರು, ಗ್ರಾಮದ ಮತ್ತು ಕಚೇರಿಯ ದೇಶೀಯ ಅಧಿಕಾರಿಗಳು ಪರಸ್ಪರ ಸೇರಿಕೊಂಡು ಸಾಗುವಳಿಯ ನಿಜಸ್ಥಿತಿಯನ್ನು ಮೇಲಿನವರಿಂದ ಮರೆಮಾಡಿದ ಬಗೆಯನ್ನು ವಿಸ್ತಾರವಾಗಿ ತೋರಿಸಿದ್ದಾರೆ. ಕರಣಿಕನನ್ನು ಕೇವಲ ಖಳನನ್ನಾಗಿ ಚಿತ್ರಿಸುವುದು ನ್ಯಾಯವಲ್ಲ. ಬರಗಾಲದಲ್ಲಿ ರೈತನ ಕಂದಾಯವನ್ನು ತಗ್ಗಿಸಿ ತೋರಿಸಿದವನೂ ಅವನೇ ಆಗಿರಬಹುದು. ಊರಿನ ವ್ಯಾಜ್ಯಗಳಲ್ಲಿ ಅವನ ನೆನಪೇ ಕೊನೆಯ ಸಾಕ್ಷಿಯಾಗುತ್ತಿತ್ತು. ಅವನ ದಯೆಯೂ ಅವನ ಕೋಪವೂ ಒಂದೇ ಲೇಖನಿಯಿಂದ ಹೊರಡುತ್ತಿದ್ದವು. ಬಡ ಒಕ್ಕಲಿಗನಿಗೆ ಅದರ ಮೇಲೆ ಯಾವ ಹಿಡಿತವೂ ಇರಲಿಲ್ಲವೆಂಬುದಷ್ಟೇ ಇಲ್ಲಿ ಮುಖ್ಯ.

ಸಂಡೂರಿನ ವಿಚಾರವನ್ನು ಇಲ್ಲಿಯೇ ಒಂದು ಮಾತಿನಲ್ಲಿ ಹೇಳಿಬಿಡುವುದು ಲೇಸು. ಘೋರ್ಪಡೆ ಮನೆತನದ ಆಳ್ವಿಕೆಯಲ್ಲಿದ್ದ ಆ ಸಂಸ್ಥಾನವು ೧೯೪೯ರಲ್ಲಿ ಮದರಾಸಿನೊಡನೆ ವಿಲೀನವಾಗಿ ಬಳ್ಳಾರಿ ಜಿಲ್ಲೆಯನ್ನು ಸೇರಿತು. ಹೀಗೆ ಸ್ವಾತಂತ್ರ್ಯದ ಬೆನ್ನಲ್ಲೇ ಜಿಲ್ಲೆಯ ದಾಖಲೆಕೋಣೆಗೆ ಬೇರೊಂದು ಆಡಳಿತದ ಕಾಗದಗಳೂ ಬಂದು ಸೇರಿದವು.

೧೯೫೩ರ ವಿಭಜನೆಯ ರಾಜಕೀಯವು ಸುಪರಿಚಿತವಾದುದು. ಆದವಾನಿ, ಆಲೂರು, ರಾಯದುರ್ಗ ಈ ಮೂರು ತಾಲ್ಲೂಕುಗಳನ್ನು ಬಿಟ್ಟು ಉಳಿದ ಬಳ್ಳಾರಿ ಜಿಲ್ಲೆಯು ಮೈಸೂರಿಗೆ ಸೇರಿತು. ಬಳ್ಳಾರಿ ತಾಲ್ಲೂಕಿನ ಪ್ರಶ್ನೆಯನ್ನು ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆಗೆ ಬಿಡಲಾಗಿತ್ತು. ಭಾಷೆ ಮತ್ತು ತುಂಗಭದ್ರಾ ಅಣೆಕಟ್ಟಿನ ಮೇಲೆ ನಡೆದ ವಾದವಿವಾದಗಳ ನಡುವೆ ಕಂದಾಯದ ಪುಸ್ತಕಗಳನ್ನು ಕುರಿತು ಯಾರೂ ಹೆಚ್ಚು ಮಾತನಾಡಿದಂತೆ ಕಾಣುವುದಿಲ್ಲ. ಆದರೆ ಗಡಿಯು ಪುಸ್ತಕಗಳ ನಡುವೆಯೂ ಹಾಯ್ದುಹೋಯಿತು. ಆದವಾನಿಯ ಎಮ್ಮಿಗನೂರಿನ ಅಡಂಗಲ್ಲು ಕರ್ನೂಲು ಜಿಲ್ಲೆಯ ಪಾಲಾಯಿತು. ಕಂಪ್ಲಿಯ ಬಳಿಯ ಎಮ್ಮಿಗನೂರಿನದು ಮೈಸೂರಿನ ಪಾಲಾಯಿತು.

ಅದೇ ವೇಳೆಗೆ ತುಂಗಭದ್ರೆಯ ಹೊಸ ಕಾಲುವೆಗಳಲ್ಲಿ ನೀರು ಹರಿಯತೊಡಗಿತು. ವಿಜಯನಗರದ ಕಾಲದ ಕಂಪ್ಲಿ, ರಾಮಸಾಗರ, ಬಸವಣ್ಣ ಮೊದಲಾದ ಕಾಲುವೆಗಳು ನದಿಯಂಚಿನ ಕಿರಿದಾದ ಪಟ್ಟಿಗೆ ಮಾತ್ರ ನೀರುಣಿಸುತ್ತಿದ್ದವು. ಹೊಸ ಕಾಲುವೆಗಳಾದರೋ ಎರೆಯ ಬಯಲನ್ನೇ ಬತ್ತದ ಗದ್ದೆಯಾಗಿಸಿದವು. ಕರಾವಳಿ ಆಂಧ್ರದಿಂದ ಬಂದ ರೈತರು ಗಂಗಾವತಿ, ಸಿಂಧನೂರು, ಸಿರುಗುಪ್ಪ, ಕಂಪ್ಲಿಗಳ ಸುತ್ತ ‘ಕ್ಯಾಂಪು’ಗಳನ್ನು ಕಟ್ಟಿಕೊಂಡರು. ನೆಲದ ಬೆಲೆ ಏರಿತು. ಅದರೊಡನೆ ನೆಲದ ಕಾಗದದ ಬೆಲೆಯೂ ಏರಿತು.

ಮೈಸೂರು ಸರ್ಕಾರವು ಗ್ರಾಮಾಧಿಕಾರ ರದ್ದತಿ ಕಾಯಿದೆಯನ್ನು ೧೯೬೧ರಲ್ಲಿ ರಚಿಸಿ ೧೯೬೩ರ ಫೆಬ್ರುವರಿ ೧ರಿಂದ ಜಾರಿಗೆ ತಂದಿತು. ಪಟೇಲ, ಶಾನುಭೋಗ, ಕರಣಿಕರ ವಂಶಪಾರಂಪರ್ಯದ ಹಕ್ಕು ಅಂದಿಗೆ ಮುಗಿದು, ವೇತನ ಪಡೆಯುವ, ವರ್ಗಾವಣೆಗೆ ಒಳಪಡುವ ಗ್ರಾಮಲೆಕ್ಕಿಗನು ಆ ಸ್ಥಾನಕ್ಕೆ ಬಂದನು. ಮರುವರ್ಷ ಭೂಕಂದಾಯ ಕಾಯಿದೆಯು ಬಂದು ಮದರಾಸು, ಮುಂಬಯಿ, ಹೈದರಾಬಾದು, ಕೊಡಗು, ಹಳೆಯ ಮೈಸೂರುಗಳ ಭಿನ್ನಭಿನ್ನ ಪುಸ್ತಕಗಳ ಜಾಗದಲ್ಲಿ ಒಂದೇ ನಮೂನೆಯ ಹಕ್ಕು, ಗೇಣಿ ಮತ್ತು ಬೆಳೆಯ ಪಹಣಿಯನ್ನು ನೆಲೆಗೊಳಿಸಿತು. ಹಕ್ಕು ಬದಲಾದಾಗ ತಿಳಿಸಬೇಕಾದ ಕರ್ತವ್ಯ, ಆಕ್ಷೇಪಣೆಗೆ ಮೂವತ್ತು ದಿನಗಳ ಅವಧಿ, ಪಹಣಿಯಲ್ಲಿರುವುದು ಸುಳ್ಳೆಂದು ಸಿದ್ಧವಾಗುವವರೆಗೂ ಅದನ್ನು ನಿಜವೆಂದು ಭಾವಿಸಬೇಕೆಂಬ ೧೩೩ನೆಯ ಪ್ರಕರಣ—ಇವೆಲ್ಲವೂ ಗಣಕಯಂತ್ರವನ್ನು ಊಹಿಸಿ ಬರೆದವಲ್ಲ. ಆದರೂ ನಲವತ್ತು ವರ್ಷಗಳ ನಂತರ ತಂತ್ರಾಂಶವನ್ನು ಬರೆದವರು ಈ ಕಾಯಿದೆಯ ಮೆಟ್ಟಿಲುಗಳನ್ನೇ ಯಂತ್ರದೊಳಗೆ ಕಟ್ಟಿದರು. ರಾಜ್ಯಕ್ಕೆಲ್ಲ ಒಂದೇ ನಮೂನೆ ಇಲ್ಲದೆ ಹೋಗಿದ್ದರೆ ಒಂದೇ ತಂತ್ರಾಂಶವೂ ಸಾಧ್ಯವಾಗುತ್ತಿರಲಿಲ್ಲವೆಂಬುದು ನಮ್ಮ ಅಭಿಪ್ರಾಯ.

ಅತ್ತ ಮದರಾಸಿನ ಉಳಿದ ವಾರಸುದಾರರು ಬಹಳ ತಡಮಾಡಿದರು. ತಮಿಳುನಾಡು ೧೯೮೦ರಲ್ಲಿಯೂ ಎನ್. ಟಿ. ರಾಮರಾವ್ ಅವರ ಆಂಧ್ರ ಸರ್ಕಾರವು ೧೯೮೪ರಲ್ಲಿಯೂ ಕರಣಿಕರ ಹುದ್ದೆಗಳನ್ನು ರದ್ದುಪಡಿಸಿದವು. ಹೀಗೆ ಕಂಪ್ಲಿಯ ಎಮ್ಮಿಗನೂರಿನಲ್ಲಿ ಕರಣಿಕನ ಪೆಟ್ಟಿಗೆಯು ಸರ್ಕಾರಿ ಕಪಾಟಾಗಿ ಇಪ್ಪತ್ತೊಂದು ವರ್ಷಗಳು ಕಳೆದ ಮೇಲೆ ಕರ್ನೂಲಿನ ಎಮ್ಮಿಗನೂರಿನಲ್ಲಿ ಅದೇ ಬದಲಾವಣೆ ಆಯಿತು.

ಈ ಇಪ್ಪತ್ತೊಂದು ವರ್ಷಗಳಲ್ಲಿ ನಮ್ಮ ಕಡೆ ನಡೆದ ಘಟನೆಯೆಂದರೆ ಭೂಸುಧಾರಣೆ. ೧೯೭೪ರ ಮಾರ್ಚ್ ೧ರಿಂದ ಗೇಣಿಯು ಕಾನೂನಿನ ದೃಷ್ಟಿಯಲ್ಲಿ ಅಳಿದು, ಗೇಣಿಯ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ಗೇಣಿದಾರನು ಭೂನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಿ ತನ್ನ ಸಾಗುವಳಿಯನ್ನು ತೋರಿಸಿಕೊಡಬೇಕಾಯಿತು. ಆಗ ಪಹಣಿಯ ಹನ್ನೆರಡನೆಯ ಅಂಕಣದಲ್ಲಿ, ಎಂದರೆ ಸಾಗುವಳಿದಾರನ ಅಂಕಣದಲ್ಲಿ, ತನ್ನ ಹೆಸರು ಇದೆಯೇ ಇಲ್ಲವೇ ಎಂಬುದರ ಮೇಲೆ ಒಂದು ಕುಟುಂಬದ ಭವಿಷ್ಯ ನಿಂತಿತು. ಹೆಸರಿದ್ದವರಿಗೆ ದಾರಿ ಸುಗಮ. ಹೆಸರಿಲ್ಲದವರು ಸಾಕ್ಷಿಗಳನ್ನು ಹುಡುಕಬೇಕು, ಊರಿನ ದೊಡ್ಡವರ ಎದುರು ನಿಂತು ಹೇಳಿಸಬೇಕು. ಪಹಣಿಯನ್ನು ಕೇವಲ ಕಂದಾಯದ ಕಾಗದವೆಂದು ತಿಳಿದವರಿಗೆ ಅದರ ಶಕ್ತಿ ಆಗ ಅರಿವಾಯಿತು. ಇನ್ನೊಂದು ಪರಿಣಾಮವೂ ಉಂಟಾಯಿತು, ಮುಂದೆ ಅದರ ಮಾತು ಬರುತ್ತದೆ: ಗೇಣಿಯು ಅಕ್ರಮವಾದುದರಿಂದ, ಆಮೇಲೆ ನಡೆದ ಗೇಣಿಯನ್ನು ಯಾರೂ ಬರೆಯಿಸದಾದರು.

ಗಣಕಯಂತ್ರದ ಪ್ರವೇಶವು ದೆಹಲಿಯಿಂದ ಆರಂಭವಾಯಿತು. ೧೯೭೬ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಜಿಲ್ಲಾ ಕಚೇರಿಗಳನ್ನು ಉಪಗ್ರಹದ ಮೂಲಕ ಜೋಡಿಸಿತ್ತು. ಭೂದಾಖಲೆಗಳ ಗಣಕೀಕರಣದ ಕೇಂದ್ರ ಯೋಜನೆಯು ೧೯೮೮-೮೯ರಲ್ಲಿ ದೇಶದ ಎಂಟು ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಮೊದಲಾಯಿತು. ಕರ್ನಾಟಕದಲ್ಲಿ ೧೯೯೧ರಲ್ಲಿ ಗುಲ್ಬರ್ಗಾ ಜಿಲ್ಲೆಯನ್ನು ಆಯ್ದುಕೊಳ್ಳಲಾಯಿತು; ೧೯೯೬ರ ವೇಳೆಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ದೊರೆಯಿತು. ಹಣವಿತ್ತು, ಯಂತ್ರಗಳಿದ್ದವು, ಫಲ ಮಾತ್ರ ಕಾಣಲಿಲ್ಲ. ಏಕೆಂದರೆ ಯಂತ್ರಗಳು ಜಿಲ್ಲಾ ಕೇಂದ್ರದಲ್ಲಿದ್ದವು, ಪಹಣಿಯ ವ್ಯವಹಾರ ತಾಲ್ಲೂಕಿನಲ್ಲಿಯೂ ಹಳ್ಳಿಯಲ್ಲಿಯೂ ನಡೆಯುತ್ತಿತ್ತು. ಕೈಬರಹದ ಪಹಣಿಯು ಎಂದಿನಂತೆ ಮುಂದುವರಿದುದರಿಂದ, ಗಣಕದೊಳಗೆ ತುಂಬಿದ ಪಹಣಿಯು ತುಂಬಿದ ಮರುದಿನದಿಂದಲೇ ಹಳತಾಗತೊಡಗಿತು. ಎರಡು ದಾಖಲೆಗಳು ಏಕಕಾಲಕ್ಕೆ ಇದ್ದಾಗ ಜನರು ನಂಬುವುದು ಸಹಿ ಮಾಡಿದವನ ದಾಖಲೆಯನ್ನೇ.

೧೯೯೯ರಿಂದ ಕರ್ನಾಟಕದ ಕಂದಾಯ ಇಲಾಖೆಯು ಕೈಗೊಂಡ ‘ಭೂಮಿ’ ಯೋಜನೆಯು ಈ ಪಾಠವನ್ನು ಮನಗಂಡು ರೂಪುಗೊಂಡಿತು. ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದ ಕಾಲವದು. ಯೋಜನೆಯ ಹೊಣೆಯನ್ನು ಹೊತ್ತ ಅಧಿಕಾರಿ ರಾಜೀವ್ ಚಾವ್ಲಾ. ತಂತ್ರಾಂಶವನ್ನು ಸಿದ್ಧಗೊಳಿಸಿದುದು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಮೊದಲ ಪ್ರಯೋಗ ನಡೆಯಿತು. ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರ ವಶದಲ್ಲಿದ್ದ ಕೈಬರಹದ ಪಹಣಿಗಳನ್ನು ಇದ್ದಂತೆಯೇ ಕನ್ನಡದಲ್ಲಿ ಗಣಕಕ್ಕೆ ತುಂಬಿ, ೬೭ ಲಕ್ಷ ಭೂಮಾಲಿಕರಿಗೆ ಸೇರಿದ ಸುಮಾರು ೨ ಕೋಟಿ ಪಹಣಿಗಳನ್ನು ೧೭೭ ತಾಲ್ಲೂಕು ಕಚೇರಿಗಳಲ್ಲಿ ದೊರೆಯುವಂತೆ ಮಾಡಲಾಯಿತು. ೨೦೦೨ರ ವೇಳೆಗೆ ಈ ಕಾರ್ಯ ಪೂರ್ಣಗೊಂಡಿತು. ಹದಿನೈದು ರೂಪಾಯಿ ಕೊಟ್ಟವರಿಗೆ, ಅವರು ಯಾರೇ ಇರಲಿ, ಯಾವ ಹೊಲದ್ದೇ ಇರಲಿ, ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಕಿಟಕಿಯ ಹೊರಗೆ ನಿಂತವರಿಗೆ ಕಾಣುವಂತೆ ಎರಡನೆಯ ಪರದೆಯೊಂದನ್ನು ಇರಿಸಲಾಗಿತ್ತೆಂಬುದನ್ನು ನಾವು ವಿಶೇಷವಾಗಿ ಹೇಳಬಯಸುತ್ತೇವೆ. ಒಳಗೆ ಕುಳಿತವನು ಏನನ್ನು ಬೆರಳಚ್ಚಿಸುತ್ತಾನೆಂಬುದನ್ನು ಹೊರಗಿರುವ ರೈತನು ಅದೇ ಕ್ಷಣದಲ್ಲಿ ನೋಡಬಹುದಾಗಿತ್ತು. ಕರಣಿಕನ ಪೆಟ್ಟಿಗೆಯ ಇತಿಹಾಸವನ್ನು ಬಲ್ಲವರಿಗೆ ಇದು ಸಣ್ಣ ಸಂಗತಿಯಲ್ಲ.

ಆದರೆ ನಿರ್ಣಾಯಕವಾದ ಹೆಜ್ಜೆಯು ಪರದೆಯೂ ಅಲ್ಲ, ಯಂತ್ರವೂ ಅಲ್ಲ. ಅದು ಒಂದು ಆದೇಶ. ಒಂದೊಂದು ತಾಲ್ಲೂಕಿನ ಕೆಲಸ ಮುಗಿಯುತ್ತಿದ್ದಂತೆ, ಗೊತ್ತಾದ ದಿನಾಂಕದಿಂದ ಅಲ್ಲಿ ಕೈಬರಹದ ಪಹಣಿಗೆ ಕಾನೂನಿನ ಬೆಲೆ ಇಲ್ಲವೆಂದು ಸರ್ಕಾರವು ಸಾರಿತು. ಹಕ್ಕು ಬದಲಾವಣೆಯ ಅರ್ಜಿಯನ್ನು ತಾಲ್ಲೂಕಿನ ಕಿಟಕಿಯಲ್ಲಿಯೇ ಕೊಡಬೇಕು, ಅದಕ್ಕೆ ಅಂಕಿ ಬೀಳಬೇಕು, ಮೊದಲು ಬಂದದ್ದು ಮೊದಲು ವಿಲೇವಾರಿಯಾಗಬೇಕು, ನೋಟೀಸು ಯಂತ್ರದಿಂದಲೇ ಹೊರಡಬೇಕು, ಮೂವತ್ತು ದಿನಗಳ ನಂತರ ಕಂದಾಯ ನಿರೀಕ್ಷಕನ ಆದೇಶ ಆಗಬೇಕು, ತಿದ್ದುಪಡಿ ಮಾಡಿದ ನೌಕರನ ಬೆರಳಿನ ಗುರುತು ಉಳಿಯಬೇಕು. ಗುಲ್ಬರ್ಗಾದ ಪ್ರಯೋಗಕ್ಕೂ ‘ಭೂಮಿ’ಗೂ ಇದ್ದ ಮುಖ್ಯ ವ್ಯತ್ಯಾಸವು ಈ ಆಡಳಿತ ನಿರ್ಧಾರದಲ್ಲಿದೆ. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ೨೦೦೨ರಲ್ಲಿ ನಡೆಸಿದ ಸಮೀಕ್ಷೆಯು ಇದರ ಫಲವನ್ನು ಅಳೆಯಲೆತ್ನಿಸಿತು: ಹಳೆಯ ಪದ್ಧತಿಯಲ್ಲಿ ಮೂವರಲ್ಲಿ ಇಬ್ಬರಷ್ಟು ಮಂದಿ ಲಂಚ ಕೊಟ್ಟೆವೆಂದು ಹೇಳಿದರೆ, ಹೊಸ ಕಿಟಕಿಗಳಲ್ಲಿ ಹಾಗೆ ಹೇಳಿದವರು ನೂರಕ್ಕೆ ಮೂವರು ಮಾತ್ರ.

ಈ ಸಂಖ್ಯೆಗಳನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅವು ಅಳೆದುದು ಪ್ರತಿಯನ್ನು ಪಡೆಯುವ ಸೌಲಭ್ಯವನ್ನು. ಪ್ರತಿಯೊಳಗೆ ಏನಿರಬೇಕೆಂಬ ಪ್ರಶ್ನೆ ಅದಕ್ಕಿಂತ ಬೇರೆ. ೨೦೦೭ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬರೆದ ಪ್ರಬಂಧವು ‘ಭೂಮಿ’ಯನ್ನು ಕಟುವಾಗಿ ವಿಮರ್ಶಿಸಿತು. ಹಳ್ಳಿಯಲ್ಲಿದ್ದ ಅಧಿಕಾರವು ತಾಲ್ಲೂಕಿಗೂ ಅಲ್ಲಿಂದ ಮೇಲಕ್ಕೂ ಏರಿದಾಗ, ಬೆಂಗಳೂರಿನ ಸುತ್ತಮುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಕೊಳ್ಳುವವರಿಗೇ ಅದು ಅನುಕೂಲವಾಯಿತೆಂದು ಅವರ ವಾದ. ಬೆಂಗಳೂರಿನ ಅಂಚಿನ ಅನುಭವವನ್ನು ಕಂಪ್ಲಿಯ ಗದ್ದೆಗಳಿಗೆ ಹಾಗೆಯೇ ಅನ್ವಯಿಸುವುದು ಸಲ್ಲದು. ಆದರೂ ಅವರ ಪ್ರಶ್ನೆಯ ಒಂದು ಭಾಗವು ಇಲ್ಲಿಗೂ ಸಲ್ಲುತ್ತದೆ. ‘ಇದ್ದಂತೆಯೇ’ ತುಂಬಿದ ಪಹಣಿಯಲ್ಲಿ ತಪ್ಪುಗಳೂ ಇದ್ದಂತೆಯೇ ತುಂಬಿಕೊಂಡವು. ಹಿಂದೆ ಊರಿನಲ್ಲಿಯೇ ಸರಿಪಡಿಸಬಹುದಾಗಿದ್ದ ತಪ್ಪಿಗೆ ಈಗ ತಾಲ್ಲೂಕು ಕಚೇರಿಗೆ ಹಲವು ಬಾರಿ ಅಲೆಯಬೇಕು, ಕೆಲವಕ್ಕೆ ಉಪವಿಭಾಗಾಧಿಕಾರಿಯ ಬಾಗಿಲನ್ನು ತಟ್ಟಬೇಕು. ಬಳ್ಳಾರಿ ಸೀಮೆಯಲ್ಲಿ ಹೆಸರುಗಳ ಬರವಣಿಗೆಯೇ ಒಂದು ತೊಡಕು. ಕನ್ನಡ ತೆಲುಗುಗಳೆರಡೂ ಬಾಯಲ್ಲಿರುವ ಊರುಗಳಲ್ಲಿ ಎರ್ರಿಸ್ವಾಮಿ, ಯರಿಸ್ವಾಮಿ, ಯರ್ರಿಸ್ವಾಮಿ ಎಂದು ಒಬ್ಬನೇ ವ್ಯಕ್ತಿ ಮೂರು ಕಾಗದಗಳಲ್ಲಿ ಮೂರು ಬಗೆಯಾಗಿರುವುದು ಅಪರೂಪವಲ್ಲ. ಕರಣಿಕನಿಗೆ ಮೂವರೂ ಒಬ್ಬನೇ ಎಂದು ಗೊತ್ತಿತ್ತು. ಯಂತ್ರಕ್ಕೆ ಅವರು ಮೂವರು. ಪಹಣಿಗಳಿಗೆ ಆಧಾರ್ ಸಂಖ್ಯೆಯನ್ನು ಜೋಡಿಸುವ ಕಾರ್ಯವು ೨೦೨೪ರಲ್ಲಿ ಭರದಿಂದ ನಡೆದಾಗ ಇಂಥ ತೊಡಕುಗಳು ಮತ್ತೆ ಮೇಲೆದ್ದುದು ಸಹಜವೇ. ಊರಿನ ಹೆಸರೂ ಇದಕ್ಕೆ ಹೊರತಲ್ಲ. ಎಮ್ಮಿಗನೂರು ಇಂಗ್ಲಿಷಿನ ಕಡತಗಳಲ್ಲಿ ‘ಯೆಮ್ಮಿಗನೂರು’ ಎಂದಾಗಿ, ಕರ್ನೂಲಿನ ಪಟ್ಟಣದೊಡನೆ ಬೆರೆತುಹೋಗುತ್ತದೆ.

ಗಡಿಯ ಆಚೆಗೆ ಕ್ರಮವೇ ಬೇರೆಯಾಯಿತು. ಆಂಧ್ರ ಸರ್ಕಾರವು ಗಣಕಯಂತ್ರವನ್ನು ಮೊದಲಿಗೆ ತಂದುದು ನೋಂದಣಿ ಕಚೇರಿಗಳಿಗೆ. ‘ಕಾರ್ಡ್’ ಎಂಬ ಹೆಸರಿನ ಆ ಯೋಜನೆಯು ೧೯೯೮ರಲ್ಲಿ ಇನ್ನೂರಕ್ಕೂ ಹೆಚ್ಚು ನೋಂದಣಿ ಕಚೇರಿಗಳಲ್ಲಿ ಆರಂಭವಾಯಿತು. ಕರ್ನಾಟಕವು ಮೊದಲು ಪಹಣಿಯನ್ನೂ ಆಮೇಲೆ, ‘ಕಾವೇರಿ’ ತಂತ್ರಾಂಶದ ಮೂಲಕ, ನೋಂದಣಿಯನ್ನೂ ಗಣಕಕ್ಕೆ ತಂದಿತು. ಅಡಂಗಲ್ಲನ್ನು ಜನರು ಅಂತರಜಾಲದಲ್ಲಿ ನೋಡಬಹುದಾದ ‘ಮೀಭೂಮಿ’ ಆಂಧ್ರದಲ್ಲಿ ಬಂದುದು ೨೦೧೫ರಲ್ಲಿ. ಮಾರಾಟದ ಪತ್ರದಿಂದ ಆರಂಭಿಸುವುದಕ್ಕೂ ಹಿಡುವಳಿಯ ಪತ್ರದಿಂದ ಆರಂಭಿಸುವುದಕ್ಕೂ ವ್ಯತ್ಯಾಸವುಂಟು. ಮೊದಲನೆಯದು ಕೊಳ್ಳುವವರಿಗೂ ಮಾರುವವರಿಗೂ ಸರ್ಕಾರದ ಮುದ್ರಾಂಕದ ವರಮಾನಕ್ಕೂ ಸಂಬಂಧಿಸಿದ್ದು. ಎರಡನೆಯದು, ಮಾರದೆ ಕೊಳ್ಳದೆ ಬ್ಯಾಂಕಿನ ಸಾಲಕ್ಕಾಗಿ ಪ್ರತಿವರ್ಷ ಪಹಣಿಯನ್ನು ಹುಡುಕಿಕೊಂಡು ಬರುವ ಸಾಮಾನ್ಯ ರೈತನಿಗೆ ಸಂಬಂಧಿಸಿದ್ದು. ಈ ಆಯ್ಕೆಯಲ್ಲಿ ಕರ್ನಾಟಕವು ಉತ್ತಮವಾದುದನ್ನೇ ಆರಿಸಿಕೊಂಡಿತೆಂದು ನಾವು ತಿಳಿಯುತ್ತೇವೆ. ೧೯೬೩ರಲ್ಲಿಯೇ ಪುಸ್ತಕವು ಸರ್ಕಾರದ ಕೈಗೆ ಬಂದುದರಿಂದ ಅದು ಸಾಧ್ಯವೂ ಆಯಿತು.

ಮತ್ತೊಂದು ವಿಷಯದಲ್ಲಿ ಹೋಲಿಕೆಯು ನಮಗೆ ಅನುಕೂಲವಾಗಿಲ್ಲ. ತುಂಗಭದ್ರೆಯ ಕಾಲುವೆಯ ಪ್ರದೇಶದಲ್ಲಿ ಬಾಯಿಮಾತಿನ ಗುತ್ತಿಗೆಯ ಮೇಲೆ ಬತ್ತ ಬೆಳೆಯುವುದು ಎಲ್ಲರಿಗೂ ತಿಳಿದ ಸಂಗತಿ. ಗೊಬ್ಬರ, ಕೂಲಿ, ಯಂತ್ರದ ಬಾಡಿಗೆ ಎಲ್ಲವೂ ಗುತ್ತಿಗೆದಾರನದು. ಬೆಳೆ ಕೈಗೆ ಬರಲಿ ಬಾರದಿರಲಿ ಗುತ್ತಿಗೆಯನ್ನು ಕಟ್ಟಬೇಕು. ಕರ್ನಾಟಕದ ಭೂಸುಧಾರಣಾ ಕಾಯಿದೆಯು, ಸೈನಿಕರೇ ಮೊದಲಾದ ಕೆಲವರಿಗೆ ಇರುವ ವಿನಾಯಿತಿಯನ್ನು ಬಿಟ್ಟರೆ, ಗೇಣಿಯನ್ನು ನಿಷೇಧಿಸಿದೆ. ನಿಷೇಧಿಸಿದ್ದನ್ನು ಪಹಣಿಯಲ್ಲಿ ಬರೆಯುವಂತಿಲ್ಲ; ಬರೆಯದಿರುವುದನ್ನು ಯಂತ್ರವು ಅಚ್ಚುಮಾಡಲಾರದು. ಈಚೆಗೆ ಬೆಳೆಹಾನಿಯ ಪರಿಹಾರ, ಬೆಂಬಲ ಬೆಲೆಯ ಖರೀದಿ, ಕೇಂದ್ರದ ಕಿಸಾನ್ ಸಮ್ಮಾನ ನಿಧಿ ಇವೆಲ್ಲವೂ ಪಹಣಿಯನ್ನು ಆಧರಿಸಿದ ‘ಫ್ರೂಟ್ಸ್’ ಎಂಬ ನೋಂದಣಿಯ ಮೂಲಕ ನೇರವಾಗಿ ಬ್ಯಾಂಕಿನ ಖಾತೆಗೆ ಹೋಗುತ್ತವೆ. ಮಧ್ಯವರ್ತಿಗಳಿಲ್ಲದ ಈ ಏರ್ಪಾಡು ಮೆಚ್ಚತಕ್ಕದ್ದೇ. ಆದರೆ ಮಳೆಗೆ ಬತ್ತ ನೆಲಕಚ್ಚಿದಾಗ ಪರಿಹಾರವು ಪಹಣಿಯಲ್ಲಿ ಹೆಸರಿರುವವನ ಖಾತೆಗೆ ಸೇರುತ್ತದೆ, ನಷ್ಟವು ಗದ್ದೆಯಲ್ಲಿ ನಿಂತವನ ಪಾಲಿಗೆ ಉಳಿಯುತ್ತದೆ. ಜಮೀನಿನ ಒಡೆಯನು ಸಜ್ಜನನಾದರೆ ಹಣವನ್ನು ಹಂಚಿಕೊಡಬಹುದು. ಅದು ಅವನ ದಯೆ. ದಯೆಯಿಂದ ಬಿಡಿಸಿ ಹಕ್ಕಿಗೆ ತರುವುದಕ್ಕೆಂದೇ ಮನ್ರೋನ ಅಳತೆಯೂ ಕರಣಿಕರ ರದ್ದತಿಯೂ ‘ಭೂಮಿ’ಯೂ ಹೊರಟಿದ್ದವೆಂಬುದನ್ನು ಇಲ್ಲಿ ನೆನೆಯಬೇಕು.

ಆಂಧ್ರದಲ್ಲಿ ೨೦೧೧ರ ಪರವಾನಿಗೆ ಪಡೆದ ಸಾಗುವಳಿದಾರರ ಕಾಯಿದೆಯೂ, ಅದರ ಸ್ಥಾನಕ್ಕೆ ಬಂದ ೨೦೧೯ರ ಬೆಳೆ ಸಾಗುವಳಿದಾರರ ಹಕ್ಕಿನ ಕಾಯಿದೆಯೂ ಗುತ್ತಿಗೆದಾರನಿಗೆ ಒಂದು ಚೀಟಿಯನ್ನು ಕೊಡುವ ಏರ್ಪಾಡನ್ನು ಮಾಡಿದವು. ಭೂಮಾಲಿಕತ್ವಕ್ಕೆ ಅದರಿಂದ ಧಕ್ಕೆಯಿಲ್ಲ. ಸಾಲ, ಪರಿಹಾರಗಳಿಗೆ ಮಾತ್ರ ಅದು ಆಧಾರ. ೨೦೧೯ರ ಕಾಯಿದೆಯು ಒಡೆಯನ ಸಮ್ಮತಿಯನ್ನು ಕೇಳಿದುದರಿಂದ ಬಹುಮಂದಿಗೆ ಚೀಟಿ ಸಿಗಲಿಲ್ಲವೆಂಬ ದೂರು ಅಲ್ಲಿ ಎದ್ದಿತು. ಅದೇನೇ ಇರಲಿ, ಅಲ್ಲಿ ಕೇಳಲು ಒಂದು ಚೀಟಿಯಾದರೂ ಉಂಟಾಯಿತು. ನಮ್ಮಲ್ಲಿ ೧೯೭೪ರಲ್ಲಿ ಗೇಣಿದಾರನನ್ನು ಒಡೆಯನನ್ನಾಗಿಸಿದ ಅದೇ ಮಹತ್ತ್ವದ ಕಾಯಿದೆಯು, ಆತನ ಮೊಮ್ಮಕ್ಕಳ ಕಾಲದ ಗೇಣಿದಾರನನ್ನು ದಾಖಲೆಗೆ ಕಾಣದವನನ್ನಾಗಿಸಿದೆ. ಎಷ್ಟು ವೇಗದ ಯಂತ್ರವೂ ಇದನ್ನು ಸರಿಪಡಿಸಲಾರದು, ವಿಧಾನಮಂಡಲವೇ ಸರಿಪಡಿಸಬೇಕು.

ಮಿಕ್ಕ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಸೇವೆಗಳನ್ನು ಹೋಬಳಿಗೆ ಇಳಿಸಲು ೨೦೦೬ರ ಸುಮಾರಿಗೆ ಖಾಸಗಿ ಸಹಭಾಗಿತ್ವದಲ್ಲಿ ಸುಮಾರು ೮೦೦ ‘ನೆಮ್ಮದಿ’ ಕೇಂದ್ರಗಳು ತೆರೆದವು. ಅವು ಬಾಳಲಿಲ್ಲ, ೨೦೧೨ರಲ್ಲಿ ನಾಡಕಚೇರಿಗಳ ಜನಸ್ನೇಹಿ ಕೇಂದ್ರಗಳು ಆ ಸ್ಥಾನಕ್ಕೆ ಬಂದವು. ಅದೇ ವರ್ಷ ಜಾರಿಗೆ ಬಂದ ‘ಸಕಾಲ’ವು ಗೊತ್ತಾದ ದಿನಗಳೊಳಗೆ ಸೇವೆಯನ್ನು ಪಡೆಯುವುದನ್ನು ಹಕ್ಕನ್ನಾಗಿ ಮಾಡಿತು. ಇಂದು ಪಹಣಿಯನ್ನು ಮನೆಯಲ್ಲಿ ಕುಳಿತೇ ಪಡೆಯಬಹುದು. ತಾಲ್ಲೂಕು, ಜಿಲ್ಲೆಗಳ ಗಡಿಗಳೂ ಈ ನಡುವೆ ಬದಲಾದವು: ಕಂಪ್ಲಿಯು ಪ್ರತ್ಯೇಕ ತಾಲ್ಲೂಕಾಯಿತು, ೨೦೨೧ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಟ್ಟುಕೊಂಡು ವಿಜಯನಗರ ಜಿಲ್ಲೆ ಹುಟ್ಟಿ, ಹಂಪಿಯು ಅತ್ತ, ಕಂಪ್ಲಿ ಸಂಡೂರುಗಳು ಇತ್ತ ಉಳಿದವು. ಗ್ರಾಮಲೆಕ್ಕಿಗನ ಹೆಸರು ಗ್ರಾಮ ಆಡಳಿತ ಅಧಿಕಾರಿ ಎಂದಾಯಿತು. ೨೦೨೪ರ ಸೆಪ್ಟೆಂಬರಿನಲ್ಲಿ ಈ ಅಧಿಕಾರಿಗಳು ರಾಜ್ಯಾದ್ಯಂತ ಮುಷ್ಕರ ಹೂಡಿದರು. ತಮ್ಮ ಮೇಲೆ ಒಂದರ ಮೇಲೊಂದರಂತೆ ಹೇರಲಾದ ಮೊಬೈಲ್ ತಂತ್ರಾಂಶಗಳು, ಅವುಗಳಿಗೆ ತಕ್ಕ ಉಪಕರಣ ಸೌಲಭ್ಯಗಳ ಕೊರತೆ ಅವರ ದೂರಾಗಿತ್ತು. ಕರಣಿಕನ ಲೇಖನಿಯನ್ನು ಕಿತ್ತುಕೊಂಡ ಯಂತ್ರವು ಅವನ ಉತ್ತರಾಧಿಕಾರಿಯನ್ನು ತನ್ನ ಗುಮಾಸ್ತನನ್ನಾಗಿ ಮಾಡಿಕೊಂಡ ಪರಿಯನ್ನು ಮುಂದಿನ ಇತಿಹಾಸಕಾರರು ಇನ್ನಷ್ಟು ವಿವರವಾಗಿ ಬರೆಯಬೇಕಾಗಿದೆ.

ಹಳೆಯ ಕಂದಾಯ ದಾಖಲೆಗಳನ್ನು ಪುಟಪುಟವಾಗಿ ಚಿತ್ರಿಸಿ ಉಳಿಸುವ ‘ಭೂ ಸುರಕ್ಷಾ’ ಯೋಜನೆಯು ೨೦೨೪ರಲ್ಲಿ ಆರಂಭವಾಯಿತು. ಇತಿಹಾಸದ ವಿದ್ಯಾರ್ಥಿಗಳಿಗೆ ಇದರಿಂದ ದೊಡ್ಡ ಉಪಕಾರವಾಗುವ ಸಂಭವವಿದೆ. ೧೯೫೩ಕ್ಕೆ ಹಿಂದಿನ ಕೆಲವು ಫಸಲಿಗಳ ಅಡಂಗಲ್ಲುಗಳನ್ನು ಗಡಿಯ ಎರಡೂ ಕಡೆಯಿಂದ ತರಿಸಿ, ಎರಡು ಎಮ್ಮಿಗನೂರುಗಳ ಪಟ್ಟೇದಾರರ ಅಂಕಣವನ್ನೂ ಸಾಗುವಳಿದಾರರ ಅಂಕಣವನ್ನೂ ಎದುರುಬದುರಾಗಿ ಇಟ್ಟು ನೋಡಬೇಕು. ಎಷ್ಟು ಹೊಲಗಳಲ್ಲಿ ಎರಡು ಅಂಕಣಗಳ ಹೆಸರುಗಳು ಬೇರೆಯಾಗಿವೆ, ಎಷ್ಟರಲ್ಲಿ ಒಂದೇ ಆಗಿವೆ, ೧೯೬೩, ೧೯೭೪, ೨೦೦೨—ಈ ಮೂರು ಘಟ್ಟಗಳಲ್ಲಿ ಆ ಪ್ರಮಾಣ ಹೇಗೆ ಬದಲಾಯಿತು ಎಂಬುದನ್ನು ಎಣಿಸಲು ಒಂದು ವರ್ಷದ ದುಡಿಮೆ ಸಾಕಾದೀತು. ಕೆಲಸವು ಕಂಪ್ಲಿಯ ತಾಲ್ಲೂಕು ಕಚೇರಿಯಿಂದಲೇ ಆರಂಭವಾಗಬಹುದು.